ತಮಟೆ ಕೆಳಗಿಡುವ ಹಕ್ಕು

ಕಲೆ ಎಂದರೆ ಸ್ವಾತಂತ್ರ್ಯ ಎಂದು ಹೊಟ್ಟೆ ತುಂಬಿದವರು ಹೇಳುತ್ತಲೇ ಬಂದಿದ್ದಾರೆ. ಆಗಲಿ, ಒಪ್ಪೋಣ. ಆದರೆ ಯಾರ ಸ್ವಾತಂತ್ರ್ಯ? ಇವತ್ತು ಗಂಟಲು ಸರಿಯಿಲ್ಲ ಎಂದು ಗಾಯಕ ಹೇಳಿದರೆ ಕಛೇರಿ ನಿಲ್ಲುತ್ತದೆ. ಜನ 'ಪಾಪ' ಅಂತಾರೆ, ಬಿಸಿನೀರು ತಂದುಕೊಡ್ತಾರೆ. ಇವತ್ತು ತಮಟೆ ಬಡಿಯಲ್ಲ ಎಂದು ಕೇರಿಯವನು ಹೇಳಿದರೆ ಊರಿಗೆ ಊರೇ ಎದ್ದು ನಿಲ್ಲುತ್ತದೆ. ಅಂಗಡಿಯಲ್ಲಿ ಉಪ್ಪು ಸಿಗಲ್ಲ, ಗದ್ದೆಗೆ ಕೂಲಿಗೆ ಕರೆಯಲ್ಲ, ಹಿಟ್ಟಿನ ಗಿರಣಿಯ ಬಾಗಿಲು ಮುಚ್ಚುತ್ತೆ. ಅವನದು ಕಲೆ, ನಮ್ಮದು ಚಾಕರಿ. ಈ ಗೆರೆ ಎಳೆದದ್ದು ರಾಗವಲ್ಲ, ತಾಳವಲ್ಲ. ಜಾತಿ.

ತಮಟೆ ಅನ್ನಿ, ಹಲಗೆ ಅನ್ನಿ, ಅದು ಪುಕ್ಕಟೆ ಹುಟ್ಟುವ ವಾದ್ಯವಲ್ಲ. ತೊಗಲು ನೆನೆಯಬೇಕು, ಕೂದಲು ಹೆರೆಯಬೇಕು, ಬಳೆಗೆ ಬಿಗಿಯಬೇಕು, ಒಣಗಬೇಕು. ಬಡಿಯುವ ಮುಂಚೆ ಹುಲ್ಲು ಉರಿಸಿ ಕಾಯಿಸಬೇಕು. ಕಾವು ಇಳಿದರೆ ನಾದ ಸಡಿಲ. ಬಲಗೈಗೆ ದಪ್ಪ ಕೋಲು, ಎಡಗೈಗೆ ತೆಳ್ಳನೆ ಕಡ್ಡಿ. ಊರದೇವತೆಯ ಮೆರವಣಿಗೆಗೆ ಒಂದು ಗತ್ತು, ಹೆಣದ ಮುಂದೆ ಇನ್ನೊಂದು, ಕುಣಿತಕ್ಕೆ ಮತ್ತೊಂದು. ಇಷ್ಟನ್ನೂ ಶಾಲೆಯಿಲ್ಲದೆ, ಪುಸ್ತಕವಿಲ್ಲದೆ, ಬರೀ ಕಣ್ಣು ಕಿವಿಯಿಂದ ಕಲಿತವರು ನಮ್ಮ ತಾತಂದಿರು. ಇದು ಶಾಸ್ತ್ರವಲ್ಲವೋ? ಓಲೆಗರಿಯಲ್ಲಿ ಬರೆದದ್ದು ಮಾತ್ರ ಶಾಸ್ತ್ರವೋ?

ಇನ್ನು ಶುದ್ಧ ಸಂಗೀತದವರ ಮೃದಂಗವನ್ನೇ ತಗೊಳ್ಳಿ. ಕೊರೆದ ಹಲಸಿನ ಮರಕ್ಕೆ ಬಿಗಿದಿರೋದು ದನದ, ಎಮ್ಮೆಯ, ಆಡಿನ ಚರ್ಮ. ವೇದಿಕೆಯ ಮೇಲೆ ಕುಂಕುಮ ಹಚ್ಚಿಸಿಕೊಂಡು ಕೂತ ಮಾತ್ರಕ್ಕೆ ಆ ಚರ್ಮ ಆಕಾಶದಿಂದ ಇಳಿಯಲಿಲ್ಲ. ತಮಿಳುನಾಡಿನಲ್ಲಿ ಈ ಕಸುಬಿನಲ್ಲಿರುವವರಲ್ಲಿ ಬಹಳ ಮಂದಿ ದಲಿತ ಕ್ರೈಸ್ತರು. ಗಾಯಕ ಟಿ.ಎಂ. ಕೃಷ್ಣ ಅವರ ಬದುಕಿನ ಬಗ್ಗೆ 'ಸೆಬಾಸ್ಟಿಯನ್ ಅಂಡ್ ಸನ್ಸ್' ಎಂಬ ಪುಸ್ತಕವನ್ನು 2020ರಲ್ಲಿ ತಂದರು. ಅದರ ಬಿಡುಗಡೆಗೆ ಚೆನ್ನೈನ ಕಲಾಕ್ಷೇತ್ರ ಸಭಾಂಗಣ ಕೊಡುವುದಾಗಿ ಒಪ್ಪಿ, ಆಮೇಲೆ ಕೈ ಹಿಂದಕ್ಕೆಳೆದುಕೊಂಡಿತು. ನೋಡಿ ಹೇಗಿದೆ! ನಾದ ಬೇಕು. ಆ ನಾದಕ್ಕೆ ಚರ್ಮ ಬಿಗಿದ ಕೈ ಯಾರದು ಎಂಬ ಮಾತು ಬೇಡ. ತೊಗಲು ಮುಟ್ಟಿದವನು ಮೈಲಿಗೆ, ಅದೇ ತೊಗಲಿನ ಮೇಲೆ ಬೆರಳಾಡಿಸಿದವನು ವಿದ್ವಾನ್!

ನಮ್ಮಲ್ಲಿ ಇನ್ನೊಂದು ಬಗೆಯ ಮಹನೀಯರಿದ್ದಾರೆ. ಅವರು ಜಾನಪದ ಪ್ರೇಮಿಗಳು. 'ಅಯ್ಯೋ, ನಿಮ್ಮ ಹುಡುಗರು ಓದಿಬಿಟ್ಟು ತಮಟೆ ಮರೆತರಲ್ಲಪ್ಪಾ, ಎಂಥಾ ಕಲೆ ನಶಿಸಿತು' ಎಂದು ಕಣ್ಣೀರು ಹಾಕ್ತಾರೆ. ನಾವು ಕೇಳುವುದಿಷ್ಟೇ: ಸ್ವಾಮಿ, ಅಷ್ಟು ದೊಡ್ಡ ಕಲೆಯಾದರೆ ನಿಮ್ಮ ಮಗನಿಗೆ ಯಾಕೆ ಕಲಿಸಲಿಲ್ಲ? ಪಕ್ಕದ ಬೀದಿಯ ಹೆಣದ ಮುಂದೆ ಅವನನ್ನು ಯಾಕೆ ನಿಲ್ಲಿಸಲಿಲ್ಲ? ಪರಂಪರೆ ಉಳಿಸುವ ಗುತ್ತಿಗೆ ಕೇರಿಗೆ, ಅದನ್ನು ನೋಡಿ ಪುಳಕಗೊಳ್ಳುವ ಹಕ್ಕು ನಿಮಗೆ. ಇದು ಯಾವ ನ್ಯಾಯ?

ತೋಟಿ, ತಳವಾರರಂಥ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯಿದೆಯೇ ರದ್ದು ಮಾಡಿತು. ಕಾಗದದಲ್ಲಿ ಹುದ್ದೆ ಸತ್ತಿತು. ಊರಿನ ಬಾಯಲ್ಲಿ ಸಾಯಲಿಲ್ಲ. 'ಏ, ಸಾವಾಗಿದೆ, ಬಾರ್ಲಾ' ಎಂಬ ಕೂಗಿಗೆ ಯಾವ ಕಾಯಿದೆಯೂ ಗೊತ್ತಿಲ್ಲ. ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ತಂದ ತಿದ್ದುಪಡಿ ಸಾಮಾಜಿಕ, ಆರ್ಥಿಕ ಬಹಿಷ್ಕಾರವನ್ನು ಅಪರಾಧವೆಂದು ಹೆಸರಿಟ್ಟು ಹೇಳಿದೆ. ಬಡಿಯಲಾರೆ ಎಂದವನಿಗೆ ಉಪ್ಪು ಕೊಡದ ಅಂಗಡಿಯವನೂ, ಕೊಡಬೇಡ ಎಂದ ಪಂಚಾಯಿತಿ ಕಟ್ಟೆಯೂ ಇದನ್ನು ಓದಿಕೊಳ್ಳಲಿ. ಓದಲು ಬಾರದಿದ್ದರೆ ನಾವು ಓದಿ ಹೇಳುತ್ತೇವೆ.

ಹಾಗಾದರೆ ತಮಟೆಯನ್ನು ಸುಟ್ಟುಬಿಡಬೇಕೆ? ಸುಡಿ ಎಂದವರ ಸಿಟ್ಟು ನಮಗೆ ಗೊತ್ತು; ಆ ಸಿಟ್ಟು ಸುಳ್ಳಲ್ಲ. ಅದೇ ತಮಟೆಯನ್ನು ಹೋರಾಟದ ಜಾಥಾಗಳಲ್ಲಿ ಹೆಗಲಿಗೆ ಹಾಕಿಕೊಂಡವರೂ ನಮ್ಮ ಅಣ್ಣಂದಿರೇ. ಇವೆರಡೂ ಒಂದಕ್ಕೊಂದು ಎದುರು ಅಂತ ಕೆಲವರು ತಿಳಿದಿದ್ದಾರೆ. ಅಲ್ಲ. ವಾದ್ಯ ಅದೇ, ಬೆಂಕಿ ಅದೇ, ಕೋಲೂ ಅದೇ. ಯಾವಾಗ ಬಡಿಯಬೇಕು, ಯಾರ ಮುಂದೆ ಬಡಿಯಬೇಕು, ಯಾವಾಗ ನಿಲ್ಲಿಸಬೇಕು ಅನ್ನೋದನ್ನು ತೀರ್ಮಾನಿಸೋರು ಯಾರು ಎಂಬುದಷ್ಟೇ ಪ್ರಶ್ನೆ. ಊರು ತೀರ್ಮಾನಿಸಿದರೆ ಬಿಟ್ಟಿ. ಬಡಿಯುವವನು ತೀರ್ಮಾನಿಸಿದರೆ ಕಲೆ. ಬೇಡ ಎನ್ನಲಾಗದವನ ನಾದ ಎಷ್ಟೇ ಇಂಪಾಗಿದ್ದರೂ ಅದು ಹಗ್ಗ ಕಟ್ಟಿದ ನಾದ.

ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ನಮಗೂ ಸಂತೋಷವೇ. ಅದು ಅವರ ಕೈ ಗಳಿಸಿದ ಮರ್ಯಾದೆ. ಆದರೆ ಒಂದು ಪದಕ ತೋರಿಸಿ ಸಾವಿರ ಕೇರಿಗಳ ಬಿಟ್ಟಿಯನ್ನು ಮುಚ್ಚಿಹಾಕೋಕೆ ನಾವು ಬಿಡುವುದಿಲ್ಲ.

ಕಾವ್ಯಕ್ಕೂ ಇದೇ ಮಾತು. 1979ರ ಧರ್ಮಸ್ಥಳದ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೊಡಲು ಮನಸ್ಸು ಬರಲಿಲ್ಲ. ಅದೇ ವರ್ಷ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ಸೇರಿತು. ಇವತ್ತು ಗೋಷ್ಠಿ ಕೊಡ್ತಾರೆ, ಶಾಲೂ ಹೊದಿಸ್ತಾರೆ. ಆದರೆ ಅಪ್ಪಣೆ ಮಾತ್ರ ಹಳೆಯದೇ: 'ನಿಮ್ಮ ನೋವು ಹೇಳಿ, ನಿಮ್ಮ ಹಸಿವು ಹೇಳಿ.' ಮನೆಯಲ್ಲಿ ಮೊದಲು ಪದವಿ ಪಡೆದ ನಾವು ಬೆಳದಿಂಗಳ ಮೇಲೆ ಒಂದು ಪದ್ಯ ಓದಿದರೆ ಮುಖ ಸಪ್ಪೆ ಮಾಡ್ತಾರೆ. ಅಂದರೆ ಇಲ್ಲೂ ಅವರು ಹೇಳಿದ ಗತ್ತನ್ನೇ ಬಡಿಯಬೇಕು! ಇಲ್ಲ ಸ್ವಾಮಿ. ನೋವನ್ನು ಬರೆಯುತ್ತೇವೆ, ಬರೆಯದೆ ಬಿಡೋದಿಲ್ಲ. ಆದರೆ ನಿಮ್ಮ ಸಂಜೆಯ ಪುಳಕಕ್ಕಲ್ಲ. ಅವ್ವ ಕಳೆ ಕೀಳುತ್ತಾ ಗುನುಗಿದ ಪದ, ಮುದ್ದೆ ಕಟ್ಟುವ ಕೈಯ ಲಯ, ಕೇರಿಯ ಹುಡುಗಿಯ ಪ್ರೀತಿ, ನಮ್ಮ ಮಾಡಿನ ಮೇಲೂ ಬೀಳುವ ಚಂದ್ರ, ಎಲ್ಲವೂ ನಮ್ಮದೇ. ಯಾವುದನ್ನು ಎತ್ತಿಕೊಳ್ಳಬೇಕೆಂದು ನಮಗೆ ಯಾರೂ ಹೇಳಬೇಕಾಗಿಲ್ಲ.

ತಮಟೆಗೆ ಕರೆಯುವವರು ಮರ್ಯಾದೆಯಿಂದ ಕರೆಯಲಿ. ಕೂಲಿ ಮೊದಲೇ ಮಾತಾಡಲಿ. ಪಿಟೀಲಿನವನಿಗೆ ಹಾಕಿದ ಕುರ್ಚಿಯನ್ನೇ ನಮಗೂ ಹಾಕಲಿ. ಆಮೇಲೂ ಬರಲ್ಲ ಎಂದರೆ ತೆಪ್ಪಗೆ ಹಿಂದಿರುಗಿ ಹೋಗಲಿ. ಆ 'ಬರಲ್ಲ' ಎಂಬ ಮಾತನ್ನು ಭಯವಿಲ್ಲದೆ ಆಡುವ ದಿನ ಪ್ರತಿ ಕೇರಿಗೂ ಬರಬೇಕು. ಅಲ್ಲಿಯತನಕ ಕಲೆ, ಪರಂಪರೆ, ಸಂಸ್ಕೃತಿ ಎಂಬ ಮಾತುಗಳನ್ನು ನಮ್ಮ ಮುಂದೆ ಮೆಲ್ಲಗೆ ಆಡಿ.