ಬ್ರಿಟನ್ನಿನ ಕುರಿ, ನಮ್ಮ ಹಾಲು

2024ರ ಮಾರ್ಚ್ ತಿಂಗಳಲ್ಲಿ ಬ್ರಿಟನ್ನಿನ ರೈತರು ತಮ್ಮ ಟ್ರ್ಯಾಕ್ಟರುಗಳನ್ನು ಸಾಲುಗಟ್ಟಿ ಲಂಡನ್ನಿನ ಪಾರ್ಲಿಮೆಂಟ್ ಭವನದ ಬಳಿ ನಿಧಾನವಾಗಿ ಓಡಿಸಿದರು. ಹೊರದೇಶದ ಅಗ್ಗದ ಆಹಾರಕ್ಕೆ ಸರ್ಕಾರವೇ ಬಾಗಿಲು ತೆರೆದಿದೆ ಎಂಬುದು ಅವರ ದೂರು. ಅಲ್ಲಿಯ ರೈತನಿಗೂ ನಮಗೂ ಏನು ಸಂಬಂಧ ಎಂದು ವಾಚನಾಲಯದಲ್ಲಿ ಕುಳಿತ ಓದುಗರು ಕೇಳಬಹುದು. ಅವನ ಹಿಡುವಳಿ ದೊಡ್ಡದು, ಅವನ ಹವೆ ಬೇರೆ, ಅವನ ಸಾಲದ ಲೆಕ್ಕವೂ ಬೇರೆ. ಆದರೆ ಅವನ ಬಾಗಿಲಿಗೆ ಬಂದ ಅದೇ ಎರಡು ದೇಶಗಳು ನಮ್ಮ ಹಾಲಿನ ಪೇಟೆಯ ಬಾಗಿಲಿಗೂ ಬಂದು ನಿಂತಿದ್ದವು. ಆದ್ದರಿಂದ ಸಂಗತಿಯನ್ನು ಸ್ವಲ್ಪ ಬಿಡಿಸಿ ನೋಡೋಣ.

ಬ್ರಿಟನ್ 1973ರಲ್ಲಿ ಯುರೋಪಿನ ಸಾಮಾನ್ಯ ಮಾರುಕಟ್ಟೆಯ ಒಕ್ಕೂಟ ಸೇರಿತ್ತು. ಒಕ್ಕೂಟದೊಳಗೆ ಸುಂಕವಿಲ್ಲ, ಹೊರಗಿನಿಂದ ಬರುವ ಮಾಂಸ, ಬೆಣ್ಣೆಗಳಿಗೆ ಭಾರಿ ಸುಂಕ. 2016ರಲ್ಲಿ ಜನಮತ ಕೇಳಿ, 2020ರ ಜನವರಿ 31ರಂದು ಆ ದೇಶ ಒಕ್ಕೂಟದಿಂದ ಹೊರಬಂತು. ಹಳೆಯ ವ್ಯವಸ್ಥೆ ಆ ವರ್ಷದ ಕೊನೆಯವರೆಗೆ ಮುಂದುವರಿಯಿತು. 2021ರ ಜನವರಿ 1ರಿಂದ ಕುರಿಮಾಂಸ ಸಮುದ್ರ ದಾಟಿ ಫ್ರಾನ್ಸಿಗೆ ಹೋಗಬೇಕಾದರೆ ಪಶುವೈದ್ಯರ ಸಹಿಯ ಪತ್ರ ಬೇಕಾಯಿತು. ಸ್ಕಾಟ್ಲೆಂಡಿನ ಬಿತ್ತನೆ ಆಲೂಗಡ್ಡೆಗೆ ಯುರೋಪಿನ ಬಾಗಿಲು ಪೂರ್ತಿ ಮುಚ್ಚಿಹೋಯಿತು.

ಇತ್ತ ಬ್ರಿಟನ್ ಏನು ಮಾಡಿತು? ಯುರೋಪಿನಿಂದ ಬರುವ ಆಹಾರದ ತಪಾಸಣೆಯನ್ನು ಒಂದಲ್ಲ, ಐದು ಸಲ ಮುಂದೂಡಿತು. ಆರೋಗ್ಯ ಪತ್ರ ಕೇಳಲು ಆರಂಭಿಸಿದ್ದು 2024ರ ಜನವರಿ 31ರಂದು. ಸರಕನ್ನು ಬಿಚ್ಚಿ ನೋಡಲು ತೊಡಗಿದ್ದು ಏಪ್ರಿಲ್ 30ರಂದು. ಮೂರು ವರ್ಷ ಕಾಲ ಹೋಗುವ ಗಾಡಿಗೆ ತಪಾಸಣೆ, ಬರುವ ಗಾಡಿಗೆ ಸಲಾಮು! ಕಾರಣ ತಿಳಿಯುವುದು ಕಷ್ಟವಲ್ಲ. ಆ ದೇಶ ತಾನು ಉಣ್ಣುವುದರಲ್ಲಿ ಸುಮಾರು ಶೇಕಡಾ 40ರಷ್ಟನ್ನು ಹೊರಗಿನಿಂದ ತರಿಸುತ್ತದೆ. ಅಂಗಡಿಯ ಹಲಗೆ ಖಾಲಿಯಾಗಿ ಬೆಲೆ ಏರಿದರೆ ಪಟ್ಟಣದ ಮತದಾರ ಸುಮ್ಮನಿರುವುದಿಲ್ಲ. ರೈತರ ಮತಗಳು ಅಲ್ಲಿ ಕೆಲವೇ ಕೆಲವು.

ಒಕ್ಕೂಟ ಬಿಟ್ಟ ಸರ್ಕಾರಕ್ಕೆ ಇನ್ನೊಂದು ಅವಸರವಿತ್ತು. ಹೊರಬಂದು ಏನು ಗಳಿಸಿದಿರಿ ಎಂದು ಜನ ಕೇಳುವ ಮೊದಲೇ ಯಾವುದಾದರೊಂದು ಹೊಸ ಒಪ್ಪಂದವನ್ನು ತೋರಿಸಬೇಕು. ಸಿಕ್ಕಿದ್ದು ಆಸ್ಟ್ರೇಲಿಯ. 2021ರ ಜೂನ್ ತಿಂಗಳಲ್ಲಿ ದೊಡ್ಡ ರಾಷ್ಟ್ರಗಳ ನಾಯಕರು ಬ್ರಿಟನ್ನಿನಲ್ಲಿ ಸೇರಲಿದ್ದರು. ಅಷ್ಟರೊಳಗೆ ಮಾತು ಮುಗಿಯಬೇಕೆಂದು ಮಂತ್ರಿಗಳು ತಾವೇ ಗಡುವು ಹಾಕಿಕೊಂಡರು. ಸಂತೆಯಲ್ಲಿ ಎತ್ತು ಮಾರಲು ಹೋದವನು ‘ಕತ್ತಲಾಗುವುದರೊಳಗೆ ನಾನು ಊರು ಸೇರಲೇಬೇಕು’ ಎಂದು ದಲ್ಲಾಳಿಗೆ ಮೊದಲೇ ಹೇಳಿಬಿಟ್ಟರೆ ಎಂಥ ಬೆಲೆ ಸಿಗುತ್ತದೆಂಬುದನ್ನು ನಮ್ಮ ಓದುಗರಿಗೆ ನಾವು ತಿಳಿಸಬೇಕಾಗಿಲ್ಲ. ಆಗ ಕೃಷಿ ಖಾತೆ ನೋಡುತ್ತಿದ್ದ ಜಾರ್ಜ್ ಯೂಸ್ಟಿಸ್ ಅವರೇ ಅಧಿಕಾರ ಬಿಟ್ಟ ಮೇಲೆ, 2022ರ ನವೆಂಬರಿನಲ್ಲಿ, ಇದು ಒಳ್ಳೆಯ ಒಪ್ಪಂದವಲ್ಲ, ಕೊಟ್ಟದ್ದು ಬಹಳ, ಪಡೆದದ್ದು ಅಲ್ಪ ಎಂಬ ಅರ್ಥದಲ್ಲಿ ಪಾರ್ಲಿಮೆಂಟಿನಲ್ಲಿ ಒಪ್ಪಿಕೊಂಡರು. ಸಂಪುಟದಲ್ಲಿದ್ದಾಗ ಬಾಯಿ ಬಿಡದ ಮಂತ್ರಿಗಳು ಎಲ್ಲ ದೇಶಗಳಲ್ಲೂ ಇರುತ್ತಾರೆ.

ಕೊಟ್ಟದ್ದೆಷ್ಟು ನೋಡಿ. ಒಪ್ಪಂದ 2023ರ ಮೇ 31ರಂದು ಜಾರಿಗೆ ಬಂತು. ಆಸ್ಟ್ರೇಲಿಯದ ಕುರಿಮಾಂಸ ಮೊದಲ ವರ್ಷ 25,000 ಟನ್ನಿನವರೆಗೆ ಸುಂಕವಿಲ್ಲದೆ ಬರಬಹುದು. ಹತ್ತನೆಯ ವರ್ಷಕ್ಕೆ ಅದು 75,000 ಟನ್. ಗೋಮಾಂಸ 35,000ದಿಂದ 1,10,000 ಟನ್ನಿಗೆ ಏರುತ್ತದೆ. ಹದಿನೈದು ವರ್ಷ ಕಳೆದರೆ ಮಿತಿಯೇ ಇಲ್ಲ. ಇದರಿಂದ ದೇಶದ ಒಟ್ಟು ಉತ್ಪತ್ತಿಗೆ ಆಗುವ ಲಾಭ 2035ರ ಹೊತ್ತಿಗೆ ಶೇಕಡಾ 0.08 ಎಂದು ಬ್ರಿಟನ್ ಸರ್ಕಾರದ ಲೆಕ್ಕವೇ ಹೇಳಿತು. ಕೃಷಿ ಕ್ಷೇತ್ರಕ್ಕೆ ನಷ್ಟವಾಗುತ್ತದೆಂಬ ಮಾತೂ ಅದೇ ಲೆಕ್ಕದಲ್ಲಿತ್ತು. ನ್ಯೂಜಿಲೆಂಡಿನೊಂದಿಗೂ ಇಂಥದೇ ಒಪ್ಪಂದ ಅದೇ ದಿನ ಜಾರಿಯಾಯಿತು.

ಹಟ ಹಿಡಿದು ಕೂರುವುದು ಅವರಿಗೂ ಸಾಧ್ಯವಿತ್ತು. ಕೆನಡಾ ದೇಶ ಹಾರ್ಮೋನು ಕೊಟ್ಟು ಬೆಳೆಸಿದ ದನದ ಮಾಂಸಕ್ಕೆ ದಾರಿ ಬಿಡಿ ಎಂದಾಗ ಬ್ರಿಟನ್ ಒಪ್ಪಲಿಲ್ಲ. 2024ರ ಜನವರಿಯಲ್ಲಿ ಮಾತುಕತೆಯನ್ನೇ ನಿಲ್ಲಿಸಿತು.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ರೈತರು ಹೆದರಿದಂತೆ ಕುರಿಯ ಧಾರಣೆ ಕೂಡಲೇ ಬೀಳಲಿಲ್ಲ. 2024ರಲ್ಲಿ ಏರಿತು ಕೂಡ. ನ್ಯೂಜಿಲೆಂಡಿನ ಮಾಂಸವನ್ನು ಚೀನಾ ಬಹಳವಾಗಿ ಕೊಳ್ಳುವುದು ಇದಕ್ಕೊಂದು ಕಾರಣ. ಹಾಗೆಂದು ನಿಶ್ಚಿಂತೆಯಾಗಿರುವಂತಿಲ್ಲ. ಕೆರೆಯ ತೂಬು ಎತ್ತಿದ ದಿನವೇ ಗದ್ದೆ ಮುಳುಗಬೇಕೆಂದಿಲ್ಲ. ಮೇಲಿನ ಕಾಲುವೆಯವರು ನೀರು ಸಾಕೆಂದ ದಿನ ಮುಳುಗುತ್ತದೆ. ಚೀನಾ ಕೈ ಹಿಂತೆಗೆದರೆ ಆ ಮಾಂಸ ಹುಡುಕಿಕೊಂಡು ಬರುವ ದಾರಿ ಈಗ ಸಿದ್ಧವಾಗಿದೆ.

ಕೆಲವೊಮ್ಮೆ ಪೆಟ್ಟು ಯಾರೂ ನೋಡದ ಕಡೆಯಿಂದ ಬರುತ್ತದೆ. 2025ರ ಮೇ ತಿಂಗಳಲ್ಲಿ ಅಮೆರಿಕದೊಂದಿಗೆ ಆದ ಒಪ್ಪಂದದಲ್ಲಿ 140 ಕೋಟಿ ಲೀಟರ್ ಎಥನಾಲಿಗೆ ಸುಂಕ ತೆಗೆಯಲಾಯಿತು. ರೈತರ ಕಣ್ಣೆಲ್ಲ ಮಾಂಸದ ಮೇಲಿತ್ತು. ಗೋಧಿಯಿಂದ ಎಥನಾಲ್ ತೆಗೆಯುತ್ತಿದ್ದ ಹಲ್ ಬಂದರಿನ ಬಳಿಯ ದೊಡ್ಡ ಕಾರ್ಖಾನೆ ಅದೇ ಆಗಸ್ಟಿನಲ್ಲಿ ಉತ್ಪಾದನೆ ನಿಲ್ಲಿಸಿತು. ಸುತ್ತಲಿನ ಗೋಧಿ ಬೆಳೆಗಾರರಿಗೆ ಒಬ್ಬ ದೊಡ್ಡ ಗಿರಾಕಿ ಹೋದ. ಅಲ್ಲಿಂದ ಬರುತ್ತಿದ್ದ ಪಶು ಆಹಾರವೂ ನಿಂತಿತು.

ಈಗ ನಮ್ಮ ಮನೆಗೆ ಬರೋಣ. ಆಸ್ಟ್ರೇಲಿಯ, ನ್ಯೂಜಿಲೆಂಡ್, ಚೀನಾ ಎಲ್ಲವೂ ಇದ್ದ ಆರ್‌ಸಿಇಪಿ ಕೂಟಕ್ಕೆ ಸೇರುವುದಿಲ್ಲವೆಂದು ಭಾರತ 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಹೇಳಿತು. ನ್ಯೂಜಿಲೆಂಡಿನ ಹಾಲಿನ ಪುಡಿ ಬಂದರೆ ಹಾಲಿನ ಸೊಸೈಟಿಗಳು ಉಳಿಯುವುದಿಲ್ಲವೆಂದು ದೇಶದ ಹಾಲು ಉತ್ಪಾದಕರು ಎತ್ತಿದ ಕೂಗಿಗೂ ಅದರಲ್ಲಿ ಪಾಲಿದೆ. ಮೆಣಸಿನ ಕಥೆ ಹಾಗಲ್ಲ. ಶ್ರೀಲಂಕೆಯೊಂದಿಗೆ ಒಪ್ಪಂದ ಸಹಿಯಾದದ್ದು 1998ರಲ್ಲಿ. ವಿಯೆಟ್ನಾಮಿನ ಮೆಣಸು ಶ್ರೀಲಂಕೆಯ ಹೆಸರಿನಲ್ಲಿ ಬರುತ್ತಿದೆಯೆಂದು ಕೊಡಗು, ಮಲೆನಾಡಿನ ಬೆಳೆಗಾರರು ದೂರು ಹೇಳಿ ಹೇಳಿ ಸೋತ ಮೇಲೆ, ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ಗೊತ್ತಾದದ್ದು 2017ರ ಡಿಸೆಂಬರಿನಲ್ಲಿ. ಸಹಿ ಹಾಕುವ ಮುನ್ನ ಕೂಗಿದವರಿಗೂ ಹಾಕಿದ ಮೇಲೆ ಕೂಗಿದವರಿಗೂ ಇಷ್ಟು ಅಂತರ.

ಅದೇ ಬ್ರಿಟನ್ನಿನೊಂದಿಗೆ 2025ರ ಜುಲೈ 24ರಂದು ನಾವೂ ಒಪ್ಪಂದಕ್ಕೆ ಸಹಿ ಹಾಕಿದ್ದೇವೆ. ಹಾಲಿನ ಪದಾರ್ಥ, ಸೇಬು, ಖಾದ್ಯ ತೈಲಗಳನ್ನು ಹೊರಗಿಟ್ಟಿದ್ದೇವೆಂದು ಸರ್ಕಾರ ಹೇಳಿದೆ. ಸಂತೋಷ. ಆದರೆ ಯಾವ ಪದಾರ್ಥಕ್ಕೆ ಯಾವ ವರ್ಷ ಎಷ್ಟು ಸುಂಕ ಇಳಿಯುತ್ತದೆಂಬ ವಿವರವಿರುವುದು ಇಂಗ್ಲಿಷಿನ ನೂರಾರು ಪುಟಗಳ ಅನುಬಂಧಗಳಲ್ಲಿ. ಆ ಪಟ್ಟಿಯಲ್ಲಿ ರೈತನಿಗೆ ಸಂಬಂಧಿಸಿದ ಭಾಗವನ್ನಾದರೂ ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿಯೊಂದು ಎಪಿಎಂಸಿಗೆ, ಹಾಲಿನ ಸೊಸೈಟಿಗೆ, ಪಂಚಾಯಿತಿ ವಾಚನಾಲಯಕ್ಕೆ ಕಳುಹಿಸಬೇಕು. ಮುಂದಿನ ಒಪ್ಪಂದಗಳ ಕರಡನ್ನು ಸಹಿಗೆ ಮೊದಲೇ ಕಳುಹಿಸಬೇಕು. ನಮ್ಮ ಲೋಕಸಭಾ ಸದಸ್ಯರು ಊರಿಗೆ ಬಂದಾಗ ಓದುಗರು ಇದನ್ನು ಕೇಳಲಿ.