ಧರ್ಮದ ಫಲಕ, ವ್ಯಾಪಾರದ ಗಲ್ಲಾ

ದಾನವಾಗಿ ಬಂದ ಹಣಕ್ಕೆ ಕರ ಬೇಡ; ಧರ್ಮಸಂಸ್ಥೆಯೇ ಆಗಲಿ, ವ್ಯಾಪಾರ ಮಾಡಿ ಗಳಿಸಿದ ಲಾಭಕ್ಕೆ ಕರ ಬೇಕು. ಇಷ್ಟು ಸರಳವಾದ ನ್ಯಾಯವನ್ನು ಇತ್ಯರ್ಥ ಮಾಡಲು ನಮ್ಮ ಸರಕಾರಗಳಿಗೆ ಅರವತ್ತು ವರ್ಷಗಳೂ ಸಾಲದೆ ಹೋಗಿವೆ.

1961ರ ಆದಾಯ ತೆರಿಗೆ ಕಾಯ್ದೆ ಬಡವರ ನೆರವು, ಶಿಕ್ಷಣ, ವೈದ್ಯೋಪಚಾರಗಳನ್ನು ಧರ್ಮಕಾರ್ಯವೆಂದು ಕರೆಯಿತು. ಉಳಿದ ಸಾರ್ವಜನಿಕ ಹಿತದ ಕೆಲಸಗಳಿಗೂ ವಿನಾಯಿತಿ ಇತ್ತು. ಆದರೆ ಅವುಗಳಲ್ಲಿ ಲಾಭದ ವ್ಯವಹಾರ ಬೆರೆತಿರಕೂಡದು. 1935ರಲ್ಲಿ ಹುಟ್ಟಿ 'ಸಂಯುಕ್ತ ಕರ್ನಾಟಕ' ಪತ್ರಿಕೆ ನಡೆಸುತ್ತಿದ್ದ ಲೋಕ ಶಿಕ್ಷಣ ಟ್ರಸ್ಟಿಗೆ 1975ರಲ್ಲಿ ಸುಪ್ರೀಂ ಕೋರ್ಟು ಈ ಷರತ್ತು ಹಿಡಿದೇ ವಿನಾಯಿತಿ ನಿರಾಕರಿಸಿತು. ನಾಲ್ಕು ವರ್ಷಗಳ ತರುವಾಯ, ಸೂರತ್ತಿನ ಕೃತಕ ರೇಷ್ಮೆ ಬಟ್ಟೆ ತಯಾರಕರ ಸಂಘದ ಮೊಕದ್ದಮೆಯಲ್ಲಿ, ಮುಖ್ಯ ಉದ್ದೇಶ ಧರ್ಮವಾಗಿದ್ದರೆ ಲಾಭ ಬಂದರೂ ಬಾಧಕವಿಲ್ಲವೆಂದಿತು. ಪತ್ರಿಕೆಗೆ ಸಿಗದ ರಿಯಾಯಿತಿ ಬಟ್ಟೆ ತಯಾರಕರಿಗೆ ಸಿಕ್ಕಿತು! 1984ರಲ್ಲಿ ಷರತ್ತೇ ಹೋಯಿತು. 2009ರಲ್ಲಿ ಬೇರೆ ರೂಪದಲ್ಲಿ ಮರಳಿತು. ಇಂಥ ಸಂಸ್ಥೆಗಳ ವ್ಯಾಪಾರದ ಜಮೆ ಒಟ್ಟು ಜಮೆಯ ಶೇಕಡಾ 20ನ್ನು ಮೀರಬಾರದೆಂಬ ನಿಯಮವನ್ನು 2025ರ ಹೊಸ ಕಾಯ್ದೆಯೂ ಉಳಿಸಿಕೊಂಡಿದೆ.

ಆದರೆ ಶಿಕ್ಷಣ, ವೈದ್ಯೋಪಚಾರದ ಫಲಕ ತೂಗುಹಾಕಿದವರಿಗೆ ಈ ಗೆರೆ ಇಲ್ಲ. ಕ್ಯಾಪಿಟೇಷನ್ ಶುಲ್ಕವನ್ನು ಕರ್ನಾಟಕ 1984ರಲ್ಲೇ ಕಾಯ್ದೆಯಿಂದ ನಿಷೇಧಿಸಿತು. ಸೀಟಿಗೆ ತೆಗೆದುಕೊಂಡ ಬೆಲೆಗೆ ದೇಣಿಗೆಯ ರಸೀದಿ ಬರೆದರೆ ಅದು ದಾನವಾದೀತೆ? ಗಿರಣಿ ಕಾರ್ಮಿಕ ಒಂದು ಸಾಬೂನು ಕೊಂಡರೂ ಕರ ತೆರುತ್ತಾನೆ. ಚಿಲ್ಲರೆ ಅಂಗಡಿಯವನು ಲೆಕ್ಕ ತಪ್ಪಿದರೆ ದಂಡ ಕಟ್ಟುತ್ತಾನೆ. ಪಕ್ಕದಲ್ಲೇ ಅದೇ ಸರಕು ಮಾರುವ ಟ್ರಸ್ಟಿನ ಮಳಿಗೆಗೆ ಮಾತ್ರ ಬೇರೆ ತಕ್ಕಡಿ ಏಕೆ?

ಈ ಅಳತೆ ನಮಗೂ ಇರಲಿ. ರಾಜಕೀಯ ಪಕ್ಷಗಳ ದೇಣಿಗೆಗೆ ಕರವಿಲ್ಲ. ಆದರೆ ಲೆಕ್ಕ ಇಡಬೇಕು, ತಪಾಸಣೆ ಮಾಡಿಸಬೇಕು, 2,000 ರೂಪಾಯಿಗಿಂತ ಹೆಚ್ಚಿನದನ್ನು ನಗದಾಗಿ ಪಡೆಯಕೂಡದು. ಕೊಟ್ಟವರ ಹೆಸರನ್ನು ಜನರಿಂದ ಮುಚ್ಚಿಟ್ಟ ಚುನಾವಣಾ ಬಾಂಡುಗಳನ್ನು 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ರದ್ದುಪಡಿಸಿದ್ದು ನ್ಯಾಯವೇ ಸರಿ. ಕರದ ವಿನಾಯಿತಿ ಎಂದರೆ ಜನರ ಬೊಕ್ಕಸದಿಂದ ಕೊಟ್ಟ ಹಣವೇ. ಕೊಟ್ಟ ಜನಕ್ಕೆ ಲೆಕ್ಕ ಕೇಳುವ ಹಕ್ಕಿದೆ.

ನಮ್ಮ ಒತ್ತಾಯ ಮೂರು. ಧರ್ಮಸಂಸ್ಥೆಯ ವ್ಯಾಪಾರದ ಲಾಭಕ್ಕೆ, ಫಲಕ ಯಾವುದೇ ಇರಲಿ, ವ್ಯಾಪಾರಿಯ ಕರವೇ ಬೀಳಲಿ. ನಾಟಕವಾಡಿಸಿ, ಡಬ್ಬಿ ಹಿಡಿದು ಕಾಸು ಕೂಡಿಸುವ ಸಣ್ಣ ಸಂಘಗಳನ್ನು ನೋಟೀಸುಗಳಿಂದ ಪೀಡಿಸದಿರಲಿ. ವಿನಾಯಿತಿ ಪಡೆದ ಪ್ರತಿಯೊಂದು ಸಂಸ್ಥೆಯೂ ತನ್ನ ಜಮಾ-ಖರ್ಚನ್ನು ಕನ್ನಡದಲ್ಲಿ ಬರೆದು ಬಾಗಿಲಲ್ಲೇ ತೂಗುಹಾಕಲಿ. ನಿಜವಾದ ಧರ್ಮಕ್ಕೆ ಇದರಿಂದ ನಷ್ಟವಿಲ್ಲ.