‘ಸುಲಭ’ ಶಿಖರದ ಎರಡು ಗಂಟೆ

ಆಲ್ಪ್ಸ್ ಪರ್ವತಗಳಲ್ಲಿ 4000 ಮೀಟರಿಗಿಂತ ಎತ್ತರದ ಶಿಖರಗಳು ಎಂಬತ್ತಕ್ಕೂ ಹೆಚ್ಚಿವೆ. ಅವುಗಳಲ್ಲಿ ಹೊಸಬರಿಗೆ ಸುಲಭವಾದದ್ದು ಯಾವುದೆಂದು ಕೇಳಿದರೆ ಬಲ್ಲವರು ಮೊದಲು ಹೇಳುವ ಹೆಸರುಗಳಲ್ಲಿ ಬ್ರೈಟ್‌ಹಾರ್ನ್ ಒಂದು. ಸ್ವಿಟ್ಜರ್ಲೆಂಡ್ ಮತ್ತು ಇಟಲಿಯ ಗಡಿಯಲ್ಲಿರುವ ಇದರ ಎತ್ತರ 4164 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಎರಡು ಪಟ್ಟಿಗೂ ಮಿಗಿಲು. 1813ರಲ್ಲೇ ಜನ ಇದನ್ನು ಹತ್ತಿದ್ದರು. ಈಗಂತೂ ಸುಮಾರು 1600 ಮೀಟರ್ ಎತ್ತರದ ಜರ್ಮಾಟ್ ಊರಿನಿಂದ ಕೇಬಲ್ ಕಾರಿನಲ್ಲಿ ಕುಳಿತರೆ 3883 ಮೀಟರ್ ಎತ್ತರದ ನಿಲ್ದಾಣಕ್ಕೆ ಹೋಗಿ ಇಳಿಯಬಹುದು. ಮುಂದೆ ಉಳಿಯುವ ಏರು ಮುನ್ನೂರು ಮೀಟರಿನ ಆಸುಪಾಸು; ಎರಡು ಗಂಟೆಯ ಕೆಲಸ.

‘ಕುಮಾರಪರ್ವತ ಹತ್ತಿದ ನಮಗೆ ಇದ್ಯಾವ ಲೆಕ್ಕ’ ಎಂದು ಕಾಲೇಜು ಹುಡುಗರು ಕೇಳಬಹುದು. ಏರುವ ಎತ್ತರವನ್ನಷ್ಟೇ ನೋಡಿದರೆ ಅವರ ಮಾತು ಸುಳ್ಳಲ್ಲ. ಕುಕ್ಕೆಯಿಂದ ಹೊರಟವರು ಸಾವಿರದ ಐನೂರು ಮೀಟರಿಗೂ ಹೆಚ್ಚು ಏರುತ್ತಾರೆ. ಆದರೆ ಕುಮಾರಪರ್ವತದಲ್ಲಿ ಕಾಲಡಿಯ ನೆಲ ನೆಲವಾಗಿಯೇ ಇರುತ್ತದೆ. ಇಲ್ಲಿ ನಡೆಯುವುದು ಹಿಮನದಿಯ ಮೇಲೆ.

ಹಿಮನದಿ ಹೆಸರಿಗೆ ತಕ್ಕಂತೆ ಹರಿಯುತ್ತದೆ, ಬಲು ನಿಧಾನವಾಗಿ. ಅಡಿಯ ಬಂಡೆ ಉಬ್ಬಿರುವ ಕಡೆ ಮೇಲಿನ ಮಂಜುಗಡ್ಡೆ ಬಾಗಲಾರದೆ ಸೀಳುತ್ತದೆ. ಹತ್ತಾರು ಮೀಟರ್ ಆಳದ ಈ ಸೀಳುಗಳ ಬಾಯನ್ನು ಹೊಸದಾಗಿ ಬಿದ್ದ ಹಿಮ ಮುಚ್ಚಿಬಿಡುತ್ತದೆ. ಮೇಲಿನಿಂದ ನೋಡಿದರೆ ಹಾಸಿದ ಬಿಳಿ ಜಮಖಾನೆ! ಬೆಳಗಿನ ಚಳಿಯಲ್ಲಿ ಆ ಹಿಮದ ಸೇತುವೆ ಗಟ್ಟಿಯಾಗಿ ಆಳನ್ನು ತಡೆದೀತು. ಮಧ್ಯಾಹ್ನದ ಬಿಸಿಲಿಗೆ ಅದೇ ಮೆತ್ತಗಾಗುತ್ತದೆ. ಪರ್ವತಾರೋಹಿಗಳು ನಸುಕಿನಲ್ಲೇ ಹೊರಡುವುದಕ್ಕೆ ಇದೇ ಕಾರಣ.

ಸೀಳು ಕಾಣದಿರುವುದರಿಂದಲೇ ಹಗ್ಗ ಬೇಕು. ಎಲ್ಲರೂ ಸೊಂಟಪಟ್ಟಿಗೆ ಒಂದೇ ಹಗ್ಗವನ್ನು ಕಟ್ಟಿಕೊಂಡು, ನಡುವೆ ಹತ್ತು ಮೀಟರಿನಷ್ಟು ಅಂತರವಿಟ್ಟು, ಹಗ್ಗ ಜೋಲದಂತೆ ನಡೆಯುತ್ತಾರೆ. ಒಬ್ಬ ಕುಸಿದರೆ ಉಳಿದವರ ಭಾರ ಅವನನ್ನು ಹಿಡಿಯಬೇಕು. ಹರಟೆ ಹೊಡೆಯಲು, ಫೋಟೋ ತೆಗೆಯಲು ಹತ್ತಿರ ಹತ್ತಿರ ಬಂದರೋ, ಹಗ್ಗ ಸಡಿಲಾಗಿ ಇದ್ದೂ ಇಲ್ಲದಂತಾಗುತ್ತದೆ. ಬೂಟಿನಡಿ ಕಟ್ಟುವ ಉಕ್ಕಿನ ಮುಳ್ಳುಗಳಿಗೆ ಕ್ರಾಂಪಾನ್ ಎನ್ನುತ್ತಾರೆ. ಅದನ್ನು ಹಾಕಿಕೊಂಡು ಕಾಲು ಅಗಲಿಸಿ ನಡೆಯುವ ಅಭ್ಯಾಸ ಬೇಕು. ಇಲ್ಲವಾದರೆ ಒಂದು ಕಾಲಿನ ಮುಳ್ಳು ಇನ್ನೊಂದು ಕಾಲಿನ ಪ್ಯಾಂಟಿಗೆ ಸಿಕ್ಕಿ ಮುಗ್ಗರಿಸುವುದೇ. ಬ್ರೈಟ್‌ಹಾರ್ನ್‌ನ ಕೊನೆಯ ಇಳಿಜಾರು ಮೂವತ್ತೈದು ಡಿಗ್ರಿಯಷ್ಟಿದೆ. ಅಲ್ಲಿ ಮುಗ್ಗರಿಸುವುದು ತಮಾಷೆಯಲ್ಲ.

ಕೇಬಲ್ ಕಾರೇ ತರುವ ತೊಂದರೆಯೂ ಒಂದಿದೆ. ಆ ನಿಲ್ದಾಣದ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರನೇ ಎರಡು ಭಾಗಕ್ಕೂ ಕಡಿಮೆ. ನಡೆದು ಹೋದವರ ದೇಹ ಎರಡು ಮೂರು ದಿನದಲ್ಲಿ ಇದಕ್ಕೆ ಹೊಂದಿಕೊಳ್ಳುತ್ತದೆ. ಗಂಟೆಯೊಳಗೆ ಹಾರಿ ಬಂದವರದ್ದು ಹೊಂದಿಕೊಳ್ಳದು. ತಲೆನೋವು, ವಾಕರಿಕೆ ಶುರುವಾದರೆ ಕೆಳಗಿಳಿಯುವುದೇ ಮದ್ದು. ಬಲವಾದ ಹುಡುಗ ಎಂಬ ಭೇದ ಅದಕ್ಕಿಲ್ಲ. ಮೋಡ ಕವಿದರಂತೂ ಆ ವಿಶಾಲ ಬಯಲಿನಲ್ಲಿ ನೆಲ, ಆಕಾಶ ಎರಡೂ ಒಂದೇ ಬಣ್ಣವಾಗಿ ದಿಕ್ಕೇ ತಿಳಿಯದು.

ಅಲ್ಲಿಂದ ಕಾಣುವ ಮ್ಯಾಟರ್‌ಹಾರ್ನ್ ಶಿಖರವನ್ನು 1865ರ ಜುಲೈ 14ರಂದು ಏಳು ಮಂದಿ ಮೊದಲ ಬಾರಿ ಹತ್ತಿದರು. ಇಳಿಯುವಾಗ ಅವರಲ್ಲಿ ತೀರಾ ಅನನುಭವಿಯಾಗಿದ್ದ, ಹತ್ತೊಂಬತ್ತರ ಹರೆಯದ ಡಗ್ಲಸ್ ಹ್ಯಾಡೊ ಕಾಲು ಜಾರಿದ. ಅವನೊಂದಿಗೆ ಇನ್ನೂ ಮೂವರು ಹೋದರು. ಹಗ್ಗ ತುಂಡಾದ್ದರಿಂದ ಉಳಿದ ಮೂವರು ಬದುಕಿದರು. ಹ್ಯಾಡೊನನ್ನು ದೂರುವುದು ನನಗೆ ಸರಿಕಾಣುವುದಿಲ್ಲ. ಅವನನ್ನು ಅಲ್ಲಿಗೆ ಕರೆದೊಯ್ದವರು ಹಿರಿಯರು, ಅನುಭವಸ್ಥರು.

ನಮ್ಮಲ್ಲಿ ಕಲಿಯಲು ದಾರಿಯಿದೆ. ಡಾರ್ಜಿಲಿಂಗ್‌ನಲ್ಲಿ 1954ರಲ್ಲಿ, ಉತ್ತರಕಾಶಿಯಲ್ಲಿ 1965ರಲ್ಲಿ ಆರಂಭವಾದ ಪರ್ವತಾರೋಹಣ ಸಂಸ್ಥೆಗಳು ಸುಮಾರು ನಾಲ್ಕು ವಾರಗಳ ಪ್ರಾಥಮಿಕ ಶಿಕ್ಷಣ ಕೊಡುತ್ತವೆ. ಆದರೆ ಶಿಕ್ಷಣ ಪಡೆದ ಮಾತ್ರಕ್ಕೆ ಬೆಟ್ಟ ಸುಮ್ಮನಿರುತ್ತದೆಂದು ಯಾರೂ ಮಾತು ಕೊಡಲಾರರು. 2022ರ ಅಕ್ಟೋಬರ್ 4ರಂದು ದ್ರೌಪದಿ ಕಾ ದಂಡಾ ಶಿಖರದ ಬಳಿ ಹಿಮಕುಸಿತಕ್ಕೆ ಸಿಕ್ಕಿದ್ದು ಉತ್ತರಕಾಶಿ ಸಂಸ್ಥೆಯ ಶಿಕ್ಷಣಾರ್ಥಿಗಳ ತಂಡವೇ. ಇಪ್ಪತ್ತೈದಕ್ಕೂ ಹೆಚ್ಚು ಜೀವ ಹೋಯಿತು. ಅವರಲ್ಲಿ ಕರ್ನಾಟಕದ ಯುವಕರೂ ಇದ್ದರು.

ಹಾಗೆಂದು ಮಗಳು ಹೋಗುತ್ತೇನೆಂದಾಗ ‘ಬೇಡ’ ಎಂದು ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸಬೇಡಿ. ಕರೆದೊಯ್ಯುವವರನ್ನು ಕೇಳಿ: ಒಂದು ಹಗ್ಗಕ್ಕೆ ಎಷ್ಟು ಜನ? ಸೀಳಿಗೆ ಬಿದ್ದವರನ್ನು ಮೇಲೆತ್ತುವ ಅಭ್ಯಾಸ ಯಾರಿಗಿದೆ? ಶಿಖರ ಸಿಗದಿದ್ದರೂ ಎಷ್ಟು ಗಂಟೆಗೆ ಹಿಂತಿರುಗುತ್ತೀರಿ? ಕೊನೆಯದಕ್ಕೆ ‘ಅಲ್ಲಿ ಹೋಗಿ ನೋಡೋಣ’ ಎಂಬ ಉತ್ತರ ಬಂದರೆ ಬೇರೆಯವರನ್ನು ಹುಡುಕಿ. ಬ್ರೈಟ್‌ಹಾರ್ನ್‌ನಲ್ಲಿ ಆ ಗಂಟೆಯನ್ನು ಗೊತ್ತುಮಾಡಲು ಇನ್ನೂ ಒಂದು ಕಾರಣವಿದೆ. ಕೆಳಗಿಳಿಯುವ ಕೊನೆಯ ಕೇಬಲ್ ಕಾರು ಯಾರಿಗಾಗಿಯೂ ಕಾಯುವುದಿಲ್ಲ.